ಗೋಡೆಗಳ ಜ್ವರ ನೋಡುವ ನೆಗೆಣ್ಣಿ

ನಮ್ಮ ನೆಗೆಣ್ಣಿ ಜ್ವರ ನೋಡುವುದರಲ್ಲಿ ನನಗಿಂತ ಜಾಣರು. ನಾನು ವೈದ್ಯೆ, ಅವರಲ್ಲ. ಆದರೂ ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಅವರು ಜ್ವರ ನೋಡುವುದು ಮನುಷ್ಯರದಲ್ಲ, ಗೋಡೆಗಳದು. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ಅಂಗೈಯನ್ನು ಗೋಡೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ಸೂರಿನ ಕಡೆ ನೋಡುತ್ತಾರೆ. ಮನೆಯವರ ಮುಖ ನೋಡುವುದು ಅದಾದ ಮೇಲೆ. "ಆರಾಮದೀರೇನ್ರಿ?" ಎಂದು ಕೇಳುವ ಹೊತ್ತಿಗೆ ಮನೆಯವರು ಆರಾಮ ಇದ್ದಾರೋ ಇಲ್ಲವೋ ಎಂಬುದನ್ನು ಗೋಡೆಯೇ ಅವರಿಗೆ ಹೇಳಿ ಮುಗಿಸಿರುತ್ತದೆ.

ನೆಗೆಣ್ಣಿ ಎಂದರೆ ಗಂಡನ ಅಣ್ಣನ ಇಲ್ಲವೆ ತಮ್ಮನ ಹೆಂಡತಿ; ನನ್ನ ನೆಗೆಣ್ಣಿ ಅಣ್ಣನ ಹೆಂಡತಿ. ದಕ್ಷಿಣದ ಕಡೆಯವರು ಓರಗಿತ್ತಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಈ ಸಂಬಂಧಕ್ಕಿರುವ ಕೆಟ್ಟ ಹೆಸರು ಎಲ್ಲ ಕಡೆಗೂ ಒಂದೇ. ಒಂದು ಒಲೆಯ ಮೇಲೆ ಎರಡು ಪಾತ್ರೆ ಇಡಬಹುದು, ಇಬ್ಬರು ನೆಗೆಣ್ಣಿಯರನ್ನು ಅದರ ಮುಂದೆ ಕೂಡಿಸಬಾರದು ಎಂದು ನಂಬಿದ ಸೀಮೆ ನಮ್ಮದು. ನಾನು ಬೈಲಹೊಂಗಲದ ಈ ಮನೆಗೆ ಸಣ್ಣ ಸೊಸೆಯಾಗಿ ಬಂದಾಗ ಓಣಿಯ ಹೆಂಗಸರು ನಮ್ಮ ಅತ್ತೆಯನ್ನು ಕಂಡು ಮರುಗಿದ್ದರಂತೆ. "ಹಿರೇ ಸೊಸಿ ಹವಾಮಾನ ಕಲ್ತಾಕಿ, ಸಣ್ಣ ಸೊಸಿ ಡಾಕ್ಟರ್. ಒಬ್ಬಾಕಿ ಮೋಡ ನೋಡಕೋತ ಕುಂದರತಾಳ, ಒಬ್ಬಾಕಿ ಸೂಜಿ ಚುಚ್ಚತಾಳ. ನಡುವ ನಿನ್ನ ಗತಿ ಏನವ್ವಾ?"

ಅತ್ತೆ ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ಅವರ ಗತಿ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮಿಬ್ಬರ ಉದ್ಯೋಗ ಹೇಳಿಬಿಡಬೇಕು. ನನ್ನದು ಸಾರ್ವಜನಿಕ ಆರೋಗ್ಯದ ಕೆಲಸ. ಅಂದರೆ ಒಬ್ಬ ರೋಗಿಯ ನಾಡಿ ಹಿಡಿಯುವುದಕ್ಕಿಂತ ಒಂದು ಊರಿನ ನಾಡಿ ಹಿಡಿಯುವುದು: ಎಲ್ಲಿ ವಾಂತಿಭೇದಿ ಶುರುವಾಯಿತು, ಯಾವ ಓಣಿಯ ನೀರು ಕೆಟ್ಟಿತು, ಯಾವ ಬಸುರಿಗೆ ರಕ್ತ ಕಡಿಮೆ ಇದೆ, ಇಂಥವು. ಅಕ್ಕ (ನಾನು ಅವರನ್ನು ಕರೆಯುವುದು ಹಾಗೆ) ಒಂದು ಸಂಶೋಧನಾ ಕೇಂದ್ರದಲ್ಲಿ ಹವಾಮಾನ ಬದಲಾವಣೆಯ ಅಧ್ಯಯನ ಮಾಡುತ್ತಾರೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಸೀಟು ಹಿಡಿಯುವಾಗಲೂ ಬಿಸಿಲು ಯಾವ ಮಗ್ಗುಲಿಂದ ಬರುತ್ತದೆ ಎಂದು ಲೆಕ್ಕ ಹಾಕಿಯೇ ಕೂಡುತ್ತಾರೆ. ಪಕ್ಕದಲ್ಲಿ ಕೂತ ಅಪರಿಚಿತರಿಗೂ ಆ ಲೆಕ್ಕವನ್ನು ಪುಕ್ಕಟೆಯಾಗಿ ವಿವರಿಸುತ್ತಾರೆ. ಬೈಲಹೊಂಗಲದ ಬಸ್ಸುಗಳಲ್ಲಿ ಅರ್ಧ ಜನ ಈಗ ಅಕ್ಕ ಹತ್ತಿದ ಮೇಲೆಯೇ ಸೀಟು ಆರಿಸುತ್ತಾರೆ ಎಂದು ಅಕ್ಕನ ಗಂಡ, ನಮ್ಮ ಭಾವನವರ ಆರೋಪ.

ಪಾಪ, ಭಾವನವರು! ಅವರದು ಬೀಜ, ಗೊಬ್ಬರದ ಅಂಗಡಿ. ಅಕ್ಕನ ಹತ್ತಿರ ಬೆರಳ ಗಾತ್ರದ ಬಿಳಿಯ ಯಂತ್ರಗಳು ಒಂದು ಡಬ್ಬಿಯ ತುಂಬ ಇವೆ. ಎಲ್ಲಿ ಇಟ್ಟರೆ ಅಲ್ಲಿಯ ಬಿಸಿಯನ್ನು ಹಗಲೂ ರಾತ್ರಿ ಅಳೆದು ನೆನಪಿಟ್ಟುಕೊಳ್ಳುತ್ತವೆ. ಅಂಥದೊಂದನ್ನು ಅಕ್ಕ ಒಂದು ಬೇಸಿಗೆ ಪೂರ್ತಿ ಗಂಡನ ಅಂಗಿಯ ಕಿಸೆಗೆ ಸಿಕ್ಕಿಸಿ ಅಂಗಡಿಗೆ ಕಳಿಸಿದರು. ತಗಡಿನ ಕೆಳಗೆ ಕೂತು ವ್ಯಾಪಾರ ಮಾಡುವವರಿಗೆ ಎಷ್ಟು ಬಿಸಿ ತಗಲುತ್ತದೆ ಎಂದು ನೋಡುವುದಕ್ಕೆ. ಬೀಜ ಕೊಳ್ಳಲು ಬಂದ ಒಬ್ಬ ರೈತರು ಅದನ್ನು ಕಂಡು ಮರುಕದಿಂದ ಕೇಳಿದರಂತೆ, "ಸಾಹುಕಾರ್ರ, ಅದು ಹಾರ್ಟಿಂದೇನ್ರಿ?"

"ಹೌದಪ್ಪಾ," ಅಂದರಂತೆ ಭಾವನವರು, "ಹೆಂಡತಿ ಕೂಡಿಸ್ಯಾಳ."

ಮನೆಯಲ್ಲಿ ಆ ಯಂತ್ರ ಇಲ್ಲದ ಜಾಗ ಉಳಿಯಲಿಲ್ಲ. ಅಡುಗೆಮನೆ, ದನದ ಕೊಟ್ಟಿಗೆ, ಉಪ್ಪಿನಕಾಯಿಯ ಭರಣಿಯ ಹಿಂದೆ. ಅತ್ತೆ ಮಾತ್ರ ತಮ್ಮ ಖೋಲಿಗೆ ಬಿಟ್ಟುಕೊಡಲಿಲ್ಲ. "ನನ್ನ ಖೋಲ್ಯಾಗ ಏನ್ ದೆವ್ವ ಕುಂತೈತೇನು, ಕಾಯಾಕ ಇಡಾಕಿ?" ಎಂದು ಗದರಿದರು. ಕಡೆಗೆ ಅಕ್ಕ ಉಪಾಯ ಹೂಡಿ, ದೇವರ ಪಟದ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿದರು. ಅತ್ತೆ ಸುಮ್ಮನಾದರು. ಸ್ವಲ್ಪ ದಿನದ ಮೇಲೆ ಆ ಯಂತ್ರ ಏನೇನೋ ಹೇಳತೊಡಗಿತು. ಅಕ್ಕ ಕಂಪ್ಯೂಟರಿಗೆ ಹಚ್ಚಿ ನೋಡಿದರು, ಬಡಿದು ನೋಡಿದರು, ತಯಾರಿಸಿದವರನ್ನು ಬೈದರು. ಕನ್ನಡಕ ಹಾಕಿಕೊಂಡು ನೋಡಿದರೆ ಯಂತ್ರದ ತೂತಿನಲ್ಲೆಲ್ಲ ವಿಭೂತಿ ತುಂಬಿತ್ತು. ಅತ್ತೆ ದಿನಾ ಪೂಜೆಯ ಹೊತ್ತಿನಲ್ಲಿ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದರು.

"ದೇವರ ಮಗ್ಗಲಕ ಕುಂತದ್ದು," ಎಂದರು ಅತ್ತೆ, "ಬರೇ ಹಣಿಲೆ ಹೆಂಗ ಬಿಡೂದು?"

ಊರೊಳಗೆ ಹೀಗಾದರೆ ಹೊರಗೆ ಇನ್ನೂ ಕಷ್ಟ. ಕಿತ್ತೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಒಂದು ಮಂಟಪದಲ್ಲಿ ನಮ್ಮ ಸಂಬಂಧಿಕರ ಮದುವೆ. ಮೇಲೆ ತಗಡು, ಕೆಳಗೆ ಬಣ್ಣದ ಪರದೆ, ಮೇ ತಿಂಗಳ ನಡು ಮಧ್ಯಾಹ್ನ. ಅಕ್ಕನ ಚೀಲದಲ್ಲಿ ಪಿಸ್ತೂಲಿನಂಥ ಇನ್ನೊಂದು ಯಂತ್ರ ಇರುತ್ತದೆ. ಗುರಿ ಹಿಡಿದು ಗುಂಡಿ ಒತ್ತಿದರೆ ದೂರದಿಂದಲೇ ಬಿಸಿ ಎಷ್ಟೆಂದು ತೋರಿಸುತ್ತದೆ. ಅಕ್ಷತೆ ಬಿದ್ದದ್ದೇ ತಡ, ಅಕ್ಕ ಅದನ್ನು ತೆಗೆದು ಸೂರಿಗೆ ಹಿಡಿದರು, ಪರದೆಗೆ ಹಿಡಿದರು, ಕಡೆಗೆ ನೇರವಾಗಿ ಮದುಮಗನಿಗೇ ಹಿಡಿದರು. ಮದುಮಗಳ ಸೋದರಮಾವ ಗಾಬರಿಯಾಗಿ ಓಡಿ ಬಂದರು.

"ಅಕ್ಕಾರ, ಅದು ಬಂಗಾರ ಪರೀಕ್ಷಾ ಮಾಡೂದೇನ್ರಿ? ನಾವು ಹಾಕಿದ್ದೆಲ್ಲಾ ಖರೇ ಬಂಗಾರನ ಐತ್ರಿ."

"ಬಂಗಾರಕ್ಕ ಏನೂ ಆಗಿಲ್ರಿ. ಮದುಮಗ ಕಾದಾನ. ಆ ಕೋಟು ಬಿಚ್ಚಸ್ರಿ."

"ಫೋಟೋ ಇನ್ನ ಮುಗಿದಿಲ್ರಿ."

"ಮುಗಿಯೂತನಕ ಆಂವ ನಿಂತಿರಬೇಕಲ್ರಿ."

ಕೋಟು ಬಿಚ್ಚಿಸಿದರು. ಮಜ್ಜಿಗೆ ಕುಡಿಸಿದರು. ಆ ಹುಡುಗ ಅವತ್ತು ಹೆಂಡತಿಯ ಕಡೆಗಿಂತ ಹೆಚ್ಚು ಪ್ರೀತಿಯಿಂದ ನಮ್ಮ ಅಕ್ಕನ ಕಡೆಗೆ ನೋಡಿದ ಎಂದು ಹೆಂಗಸರು ಇಂದಿಗೂ ಮಾತಾಡಿಕೊಳ್ಳುತ್ತಾರೆ.

ಅಕ್ಕನಿಗೂ ನನಗೂ ಜಗಳ ಇರಲಿಲ್ಲವೇ? ಇತ್ತು. ಆದರೆ ಅದು ಒಲೆಯ ಜಗಳವಲ್ಲ, ಓದಿನ ಜಗಳ. ಅವರು ಸಂಜೆ ತಮ್ಮ ಗ್ರಾಫುಗಳನ್ನು ಅಡುಗೆಮನೆಯಲ್ಲಿ ಹರವಿ ಕೂತರೆ ನನಗೆ ಕೆಣಕಬೇಕೆನಿಸುತ್ತಿತ್ತು.

"ಅಕ್ಕಾ, ಇಷ್ಟೆಲ್ಲಾ ಗೆರಿ ಎಳದೀರಿ. ಇದರಾಗ ಒಬ್ಬರರ ಮನಶ್ಯಾರು ಅದಾರೇನ್ರಿ?"

"ನಿನ್ನ ದವಾಖಾನಿ ಕಾಗದದಾಗ ಒಂದರ ಮೋಡ ಐತೇನು, ಡಾಕ್ಟರ್ ಬಾಯಿ? ಜ್ವರ ಬಂತು, ವಾಂತಿ ಆತು ಅಂತ ಬರೀತಿ. ಅವತ್ತ ಹೊರಗ ಹೆಂಗಿತ್ತು ಅಂತ ಒಂದ ಸಾಲು ಬರದೀಯೇನು?"

"ಪೇಷಂಟ್ ಬಂದಾಗ ನಾ ಪೇಷಂಟ್ ನೋಡಲೋ ಆಕಾಶ ನೋಡಲೋ?"

"ಎರಡೂ ನೋಡು."

"ನೀವಿಬ್ಬರೂ ಒಲಿ ನೋಡ್ರಿ," ಎನ್ನುತ್ತಿದ್ದರು ಅತ್ತೆ ಒಳಗಿನಿಂದ, "ಸಾರು ಉಕ್ಕಾಕ ಹತ್ತೇತಿ."

ನಮ್ಮ ಜಗಳ ದೇವರಿಗೆ ಕೇಳಿಸಿತೋ ಏನೋ, ಒಂದು ದಿನ ಮೇಲಿನವರು ನಮ್ಮಿಬ್ಬರ ಕಚೇರಿಗಳಿಗೂ ಒಂದೇ ಕೆಲಸ ಒಪ್ಪಿಸಿದರು. ಬೇಸಿಗೆ ವರ್ಷದಿಂದ ವರ್ಷಕ್ಕೆ ಖಾರವಾಗುತ್ತಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆ ಜನರ ಆರೋಗ್ಯಕ್ಕೆ ಅದರಿಂದ ಏನಾಗುತ್ತಿದೆ ಎಂಬುದನ್ನು ವೈದ್ಯರೂ ಹವಾಮಾನದವರೂ ಕೂಡಿ ನೋಡಬೇಕು. ಕೂಡಿ ಎಂಬ ಶಬ್ದವನ್ನು ಬರೆದವರಿಗೆ ಅದರ ಕಷ್ಟ ಗೊತ್ತಿರಲಿಲ್ಲ.

ಮೊದಲ ಸಭೆ ಸವದತ್ತಿಯಲ್ಲಿ. ಮೇಜಿನ ಆ ಕಡೆ ಅವರು, ಈ ಕಡೆ ನಾವು, ಸಂಬಂಧ ಇನ್ನೂ ಕುದುರದ ಬೀಗರ ಹಾಗೆ ಕೂತಿದ್ದೆವು. ನಮ್ಮ ಸಾಹೇಬರು, ಅಂದರೆ ನನ್ನ ಮೇಲಿನ ವೈದ್ಯರು, ಎದ್ದು ಶುರು ಮಾಡಿದರು.

"ಮುಖ್ಯ ತ್ರಾಸ ಏನಂದ್ರ, ಬ್ಯಾಸಿಗ್ಯಾಗ ಪ್ರೆಶರ್ ಒಮ್ಮೆಲೇ ಕಡಿಮಿ ಆಗತೈತಿ."

ಅಕ್ಕನ ಸಾಹೇಬರಿಗೆ ಸಂತೋಷವಾಯಿತು. "ಹೌದ್ರಿ, ಅದು ನಮ್ಮ ಯಂತ್ರದಾಗೂ ಬಂದೈತಿ. ಕಡಿಮಿ ಆದ ದಿವಸ ಸಂಜಿಕ ಗಾಳಿ, ಗುಡುಗು."

"ಗುಡುಗು ಯಾಕ್ರಿ? ತಲಿ ತಿರಗತೈತಿ."

"ತಲಿ ಯಾರದ್ರಿ?"

"ಪೇಷಂಟಂದ್ರಿ!"

"ಇದರಾಗ ಪೇಷಂಟ್ ಎಲ್ಲಿಂದ ಬಂದ?"

ಅಕ್ಕ ಎದ್ದು ನಿಂತರು. "ಸಾಹೇಬ್ರ, ಅವರು ಹೇಳಾಕ ಹತ್ತಿದ್ದು ನೆತ್ತರದ ಪ್ರೆಶರ್, ನೀವು ಹೇಳಾಕ ಹತ್ತಿದ್ದು ಗಾಳಿ ಪ್ರೆಶರ್. ಇಬ್ಬರೂ ಕೂಡಿ ಗಾಳ್ಯಾಗ ಗುಂಡು ಹೊಡ್ಯಾಕ ಹತ್ತೀರಿ."

ಯಾರೂ ನಗಲಿಲ್ಲ. ಸಾಹೇಬರುಗಳ ನೆತ್ತರದ ಪ್ರೆಶರ್ ಮಾತ್ರ ಏರಿತು. ಮುಂದೆ ಎಷ್ಟು ಕಾದರೆ ಅದನ್ನು ಸುಡುಬಿಸಿಲಿನ ದಿನ ಎನ್ನಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಹಟ ಹಿಡಿದರು. ಊಟಕ್ಕೂ ನಿಲ್ಲದೆ ಇಬ್ಬರೂ ಸಾಹೇಬರು ಬೇರೆ ಬೇರೆ ಜೀಪು ಹತ್ತಿದರು. ಆಮೇಲೆ ತಿಂಗಳಾದರೂ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ. ಬೇಸಿಗೆ ಹತ್ತಿರ ಬರುತ್ತಿತ್ತು. ಕೆಲಸ ಅಲ್ಲಿಗೇ ಮುಗಿಯಿತು ಎಂದು ನಾನು ಕೈಬಿಟ್ಟಿದ್ದೆ.

ಅಕ್ಕ ಬಿಡಲಿಲ್ಲ. ಒಂದು ಭಾನುವಾರ, ಒಬ್ಬರು ಬರುವುದು ಇನ್ನೊಬ್ಬರಿಗೆ ತಿಳಿಯದ ಹಾಗೆ, ಇಬ್ಬರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದರು. ಬಾಗಿಲಲ್ಲಿ ಎದುರಾದ ಮೇಲೆ ತಿರುಗಿ ಹೋಗುವಂತಿಲ್ಲ. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ಬಲಗಡೆ ಕೂತವರು ಡಾಕ್ಟರು, ಎಡಗಡೆ ಕೂತವರು ಹವಾಮಾನದವರು ಎಂದು ಅಕ್ಕ ಅತ್ತೆಗೆ ಹೇಳಿಕೊಟ್ಟಿದ್ದರು. ಆದರೆ ಫ್ಯಾನಿನ ಗಾಳಿಗಾಗಿ ಸಾಹೇಬರುಗಳು ಜಾಗ ಬದಲಿಸಿಕೊಂಡದ್ದು ಅತ್ತೆಗೆ ಗೊತ್ತಾಗಲಿಲ್ಲ. ಶೇಂಗಾ ಹೋಳಿಗೆ ಬಡಿಸುತ್ತ ಹವಾಮಾನದವರ ಮುಂದೆ ಬಾಗಿ ಕೇಳಿದರು.

"ಸಾಹೇಬ್ರ, ಮೊಣಕಾಲು ಭಾಳ ಹರೀತಾವು. ಏನರ ಔಷಧ ಹೇಳ್ರಿ."

ಹಿರಿಯರ ಮನಸ್ಸು ನೋಯಿಸಬಾರದೆಂದು ಅವರು, "ನಮ್ಮವ್ವಗೂ ಹಂಗ ಆಗತಿತ್ತ್ರಿ. ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕತಿದ್ವಿ," ಎಂದರು.

ಅತ್ತೆ ತೃಪ್ತಿಯಿಂದ ವೈದ್ಯರ ಕಡೆ ತಿರುಗಿದರು. "ನೀವು ಹೇಳ್ರಿ, ಈ ಸಲ ರೋಹಿಣಿ ಮಳಿ ಆಗತೈತೇನು?"

"ಆಗತೈತ್ರಿ ತಾಯಿ. ಆಗಬೇಕು. ನಮ್ಮದೂ ಒಂದೀಟು ಹೊಲ ಐತಿ."

ಹವಾಮಾನದ ಸಾಹೇಬರಿಗೆ ತಡೆಯಲಾಗಲಿಲ್ಲ. "ಡಾಕ್ಟರ್, ಹಂಗ ಖಚಿತ ಹೇಳಾಕ ಬರಂಗಿಲ್ರಿ."

"ನೀವು ಎಳ್ಳೆಣ್ಣಿ ಹೇಳೂವಾಗ ನಾ ಏನರ ಅಂದೆನೇನ್ರಿ?"

ಇಬ್ಬರೂ ನಕ್ಕರು. ನಗು ನಿಲ್ಲುವ ಹೊತ್ತಿಗೆ ಒಬ್ಬರ ಅವ್ವನ ಮೊಣಕಾಲಿನಿಂದ ಇನ್ನೊಬ್ಬರ ಹೊಲದ ಜೋಳದವರೆಗೆ ಮಾತು ಹೋಗಿತ್ತು. ಎರಡನೆಯ ಹೋಳಿಗೆಗೆ ತುಪ್ಪ ಬೀಳುವಾಗ ಸುಡುಬಿಸಿಲಿನ ದಿನ ಯಾವುದೆಂಬುದೂ ತೀರ್ಮಾನವಾಯಿತು. ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಇಂಥ ಹೊಂದಾಣಿಕೆಗಾಗಿ ಕಾರ್ಯಾಗಾರ ನಡೆಸುತ್ತಾರಂತೆ. ನಮ್ಮ ಅತ್ತೆಗೆ ಬೇಕಾದದ್ದು ಒಂದು ತಪ್ಪು ತಿಳಿವಳಿಕೆ, ಒಂದು ಬುಟ್ಟಿ ಹೋಳಿಗೆ.

ಕೆಲಸ ರಾಮದುರ್ಗದ ಒಂದು ನೇಕಾರರ ಓಣಿಯಿಂದ ಶುರುವಾಯಿತು. ಒಂದೇ ದೊಡ್ಡ ಖೋಲಿಯಲ್ಲಿ ಮಗ್ಗ, ಒಲೆ, ಹಾಸಿಗೆ ಎಲ್ಲ, ಮೇಲೆ ತಗಡು. ಅಲ್ಲಿ ಬೀಬಿಜಾನ ಎಂಬ ತರುಣಿ, ಚೊಚ್ಚಲ ಬಸುರಿ. ಗಂಡ ಮಗ್ಗ ನಡೆಸುತ್ತಿದ್ದ, ಈಕೆ ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಅಕ್ಕ ಯಥಾಪ್ರಕಾರ ಗೋಡೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಬೀಬಿಜಾನಳ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು, "ಬಾಯಿ, ಅವರಿಗೆ ತಲಿ ಸುತ್ತಾಕ ಹತ್ತೇತೇನ್ರಿ? ನೀರು ಕೊಡ್ಲಿ?"

ಯಂತ್ರ ತೂಗುಹಾಕಲು ಅನುಮತಿ ಕೇಳಿದಾಗ ಅವರ ಚಿಂತೆ ಬೇರೆ. "ಇದರದು ಬಿಲ್ ಬರತೈತೇನ್ರಿ?"

"ಬರಂಗಿಲ್ರಿ."

"ನೋಡ್ರಿ ಮತ್ತ. ಮೀಟರ್ ಕೂಡಸೂ ದಿವಸ ಎಲ್ಲಾರೂ ಹಂಗ ಹೇಳತಾರ."

ನನ್ನ ತಲೆಯಲ್ಲಿ ಬಹಳ ದಿನದಿಂದ ಒಂದು ಒಗಟು ಕೂತಿತ್ತು. ಬಿಸಿಲಿನಿಂದ ಜನ ಬೀಳುವುದಾದರೆ ಮಧ್ಯಾಹ್ನವೇ ಬೀಳಬೇಕು. ಆದರೆ ಈ ಓಣಿಯಿಂದ ಬರುವವರು ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಪಾಳಿ ಹಚ್ಚಿ ಸಾಲಾಗಿ ನಿಂತಿರುತ್ತಿದ್ದರು: ತಲೆಸುತ್ತು, ವಾಕರಿಕೆ, ಕೈಕಾಲಿನಲ್ಲಿ ಬಲವಿಲ್ಲ. ಬಿಸಿಲಿಗೆ ಹೋದವರೂ ಅಲ್ಲ, ಹೆಚ್ಚಿನವರು ಮನೆ ಬಿಟ್ಟು ಹೊರಗೆ ಬರದ ಹೆಂಗಸರು. ಅಕ್ಕನಿಗೆ ಬೇರೆಯೇ ಚಿಂತೆ. ಬಯಲಿನಲ್ಲಿ ನೆರಳಿನ ಪೆಟ್ಟಿಗೆಯೊಳಗಿಟ್ಟು ಅಳೆದ ಸರಕಾರಿ ತಾಪಮಾನ ಬೆಳಗಿನ ಜಾವಕ್ಕೆ ತಣ್ಣಗೆ ಇಳಿಯುತ್ತಿತ್ತು. ಮಗ್ಗದ ಮನೆಯೊಳಗಿನ ಯಂತ್ರ ಇಳಿಯಲು ಒಪ್ಪುತ್ತಿರಲಿಲ್ಲ. ಅವರ ಸಾಹೇಬರು ಯಂತ್ರ ಕೆಟ್ಟಿರಬೇಕು ಎಂದರು.

ಒಂದು ಸಂಜೆ ಅಡುಗೆಮನೆಯ ನೆಲದ ಮೇಲೆ ಅವರ ಕಾಗದ, ನನ್ನ ಕಾಗದ ಪಕ್ಕಪಕ್ಕ ಹರವಿದೆವು. ಜಗಳವಾಡಲು ತೆರೆದದ್ದೇ ಹೊರತು ಕೂಡಿಸಲು ಅಲ್ಲ. ನೋಡುತ್ತ ನೋಡುತ್ತ ಇಬ್ಬರೂ ತಾರೀಖಿಗೆ ತಾರೀಖು ಹೊಂದಿಸತೊಡಗಿದೆವು. ಯಾವ ರಾತ್ರಿ ಆ ಮನೆಗಳು ತಣ್ಣಗಾಗಿಲ್ಲವೋ ಅದರ ಮರುದಿನ ಬೆಳಿಗ್ಗೆ ನನ್ನ ಪಾಳಿ ಉದ್ದವಾಗಿತ್ತು. ಹಗಲೆಲ್ಲ ಕಾದ ಮೈಗೆ ರಾತ್ರಿ ಆರುವ ಪುರಸೊತ್ತೇ ಸಿಗುತ್ತಿರಲಿಲ್ಲ. ಅವರ ಗೆರೆಗಳಲ್ಲಿ ಮನುಷ್ಯರು ಕಂಡರು. ನನ್ನ ಕಾಗದದೊಳಗೆ ಹವೆ ಬಂತು.

ಮರುದಿನ ಅಕ್ಕ ತಮ್ಮ ಸಾಹೇಬರಿಗೆ ಹೇಳಿದ್ದು ಇಷ್ಟೇ: "ಸಾಹೇಬ್ರ, ಯಂತ್ರ ಕೆಟ್ಟಿಲ್ಲ. ಆ ಬಯಲಾಗಿನ ಪೆಟ್ಟಿಗ್ಯಾಗ ಯಾರರ ಸಂಸಾರ ಮಾಡತಾರೇನ್ರಿ?"

ಸಾಹೇಬರು ಸಜ್ಜನರು. ನಕ್ಕು ಒಪ್ಪಿಕೊಂಡರು. ಓಣಿಯ ತಗಡುಗಳಿಗೆ ದಪ್ಪಗೆ ಸುಣ್ಣ ಬಳಿಸಿದೆವು, ಗಾಳಿಗೆ ಕಿಟಕಿ ಬಿಡಿಸಿದೆವು, ಬಸುರಿಯರ ಹಾಸಿಗೆಯನ್ನು ಬಾಗಿಲ ಕಡೆಗೆ ಸರಿಸಿದೆವು, ಉಪ್ಪು ಸಕ್ಕರೆ ಕಲಸಿದ ನೀರನ್ನು ಬಾಯಾರುವ ಮೊದಲೇ ಕುಡಿಯಬೇಕೆಂದು ಮನೆ ಮನೆಗೆ ಹೇಳಿದೆವು. ಬೀಬಿಜಾನಳಿಗೆ ಸುಸೂತ್ರ ಹೆರಿಗೆಯಾಯಿತು. ಅವಳ ಅತ್ತೆ ಸಕ್ಕರೆ ಕೊಟ್ಟು, ಆಮೇಲೆ ಕೇಳಿದರು, "ಬಿಲ್ ಇನ್ನೂ ಬಂದಿಲ್ಲಲ್ರಿ?"

ಇದೆಲ್ಲ ಪರರ ಮನೆಯ ಮಾತು. ಇನ್ನು ನಮ್ಮ ಮನೆಗೆ ಬರುತ್ತೇನೆ.

ಅದೇ ಬೇಸಿಗೆ. ನಾನು ಮುರಗೋಡದಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಬೆಳಿಗ್ಗೆ ಇನ್ನೂ ಜನ ಕೂಡುತ್ತಿದ್ದರು. ಅಕ್ಕನ ಫೋನು ಬಂತು. ಅವರು ಫೋನಿನಲ್ಲಿ ಮೊದಲು ಆಯಾ ಊರಿನ ಹವೆ ಕೇಳುವವರು. ಅವತ್ತು ಕೇಳಲಿಲ್ಲ.

"ಅತ್ತಿ ಬಚ್ಚಲ ಮುಂದ ಕುಸದ ಬಿದ್ದಾರ. ಪ್ರೆಶರ್ ಭಾಳ ಕಡಿಮಿ ಐತಿ."

ಯಾವ ಪ್ರೆಶರ್ ಎಂದು ನಾನು ಕೇಳಬೇಕಾಗಲಿಲ್ಲ. ಮನೆಯಲ್ಲಿದ್ದ ನನ್ನ ಬಿ.ಪಿ. ಯಂತ್ರದಿಂದ ಅವರೇ ನೋಡಿದ್ದರು. ಊರಿಗೆಲ್ಲ ಧೈರ್ಯ ಹೇಳುವ ವೈದ್ಯೆಗೆ ಸ್ವಂತ ಅತ್ತೆಯ ಸುದ್ದಿ ಕೇಳಿ ಮುಂದಿನ ಪ್ರಶ್ನೆಯೇ ತೋಚಲಿಲ್ಲ. ಅಕ್ಕ ನನಗಾಗಿ ಕಾಯಲಿಲ್ಲ.

"ಕೇಳು. ಎಚ್ಚರ ಅದಾರ, ನುಂಗಾಕ ಬರತೈತಿ. ನಾಲಿಗಿ ಒಣಗೇತಿ, ಮಾತು ತೊದಲಾಕ ಹತ್ಯಾವು. ಪಡಸಾಲಿಗೆ ತಂದು ಮಲಗಿಸೇವಿ, ಒದ್ದಿ ಅರಿಬಿ ಹಚ್ಚೇನಿ, ಗುಟುಕು ಗುಟುಕು ನೀರು ಕೊಡಾಕ ಹತ್ತೇನಿ. ನಿನ್ನ ಕೇಳೂದು ಒಂದ ಐತಿ. ಅತ್ತಿ ಬಿ.ಪಿ. ಗುಳಿಗ್ಯಾಗ ಒಂದು ನೀರು ಹೊರಗ ಹಾಕೂದು ಐತಲ್ಲ?"

"ಹೌದ್ರಿ."

"ಅತ್ತಿ ಖೋಲಿ ಈ ವಾರ ರಾತ್ರಿನೂ ಆರಿಲ್ಲ. ಪಡುವಣ ಗ್ವಾಡಿ, ಮ್ಯಾಲೆ ಸ್ಲ್ಯಾಬು. ಬೆವತು ನೀರು ಹೋಗೇತಿ, ಗುಳಿಗಿಲೆ ಮತ್ತಷ್ಟು ಹೋಗೇತಿ. ಮುಂಜಾನಿ ಗುಳಿಗಿ ಕೊಡ್ಲೋ ಬ್ಯಾಡೋ?"

ಆಗ ನನಗೆ ತಲೆ ಜಾಗಕ್ಕೆ ಬಂತು. "ಕೊಡಬ್ಯಾಡ್ರಿ. ದವಾಖಾನಿಗೆ ಕರಕೊಂಡ ನಡೀರಿ. ಗುಳಿಗಿ ಡಬ್ಬಿ ತಗೊಂಡು ಹೋಗ್ರಿ. ನಾ ಅಲ್ಲಿಗೇ ಬರತೇನಿ."

ಮುರಗೋಡದಿಂದ ಬೈಲಹೊಂಗಲದ ದಾರಿ ನನಗೆ ಅಷ್ಟು ಉದ್ದ ಎಂದೂ ಆಗಿರಲಿಲ್ಲ. ಹೋಗಿ ನೋಡಿದರೆ ಅತ್ತೆಯ ಕೈಗೆ ಸಲಾಯಿನ್ ಹಚ್ಚಿದ್ದರು. ಅಕ್ಕ ಕಾಲ ಕಡೆ ಕೂತು ಪಾದ ತಿಕ್ಕುತ್ತಿದ್ದರು. ಭಾವನವರು ಬಾಗಿಲಲ್ಲಿ ನಿಂತು ಯಾರು ಬಂದರೂ ದಾರಿ ಬಿಡದೆ ದಾರಿ ಬಿಡಿ ಎನ್ನುತ್ತಿದ್ದರು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿತ್ತು ಎಂದು ಅಲ್ಲಿಯ ವೈದ್ಯರು ಹೇಳಿದರು. ಗುಳಿಗೆ ತಪ್ಪಲ್ಲ, ವಯಸ್ಸೂ ತಪ್ಪಲ್ಲ. ಬೇಸಿಗೆಯ ಲೆಕ್ಕ ಅದರೊಳಗೆ ಸೇರಿರಲಿಲ್ಲ ಅಷ್ಟೇ. ಗುಳಿಗೆಯ ಅಳತೆಯನ್ನು ಬದಲಿಸಿ ಬರೆದರು.

ಸಂಜೆಯ ಹೊತ್ತಿಗೆ ಅತ್ತೆಯ ಮುಖಕ್ಕೆ ಕಳೆ ಬಂತು. ನಮಗೂ ಜೀವ ಬಂತು, ಜೊತೆಗೆ ಚಾಳಿಯೂ.

"ಖೋಲಿನ ಕಾರಣ," ಎಂದರು ಅಕ್ಕ.

"ಗುಳಿಗಿನೂ ಕಾರಣ ಐತ್ರಿ."

"ಖೋಲಿ ತಣ್ಣಗಿದ್ದಿದ್ದರ ಗುಳಿಗಿ ಏನ್ ಮಾಡತಿತ್ತು?"

"ಗುಳಿಗಿ ಇರಲಿಲ್ಲಂದ್ರ ಖೋಲಿ ಏನ್ ಮಾಡತಿತ್ತ್ರಿ?"

ಅತ್ತೆ ಕಣ್ಣು ತೆರೆದರು. "ನೀವಿಬ್ಬರು ನನ್ನ ಸಾಯಾಕೂ ಬಿಡಂಗಿಲ್ಲ, ಮಲಗಾಕೂ ಬಿಡಂಗಿಲ್ಲ," ಎಂದು ಮತ್ತೆ ಮುಚ್ಚಿದರು. ಅತ್ತೆಯ ಗತಿ ಹೀಗಾಯಿತು ಎಂದು ಓಣಿಯವರಿಗೆ ತಿಳಿಸಬಹುದು.

ಆಮೇಲೆ ನಮ್ಮ ಕೆಲಸ ಒಂದು ಸಂಶೋಧನಾ ಲೇಖನವಾಯಿತು. ಅದರ ಕೊನೆಯಲ್ಲಿ ನೆರವಾದವರಿಗೆ ಕೃತಜ್ಞತೆ ಹೇಳುವ ಪದ್ಧತಿ ಇದೆ. ಹೇಳುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಬೀಬಿಜಾನಳ ಓಣಿಯವರು ಒಪ್ಪಿದರು. ಅಕ್ಕ ಅತ್ತೆಯ ಹೆಸರನ್ನೂ ಹಾಕಬೇಕೆಂದು ಅವರ ಮುಂದೆ ಹೋಗಿ ಕೂತರು.

"ಅದರಾಗ ಏನಂತ ಬರೀತಿ?" ಅತ್ತೆ ಕೇಳಿದರು.

"ನಿಮ್ಮಿಂದ ಉಪಕಾರ ಆತು ಅಂತ್ರಿ."

ಅತ್ತೆಗೆ ಸಿಟ್ಟೇ ಬಂತು. "ಮನ್ಯಾಗಿನವರಿಗೆ ಯಾರರ ಉಪಕಾರ ಆತು ಅಂತಾರೇನು? ನಾ ಏನ್ ಹೊರಗಿನಾಕಿನ? ತಗದ ಹಾಕು ಅದನ್ನ."

ತೆಗೆದು ಹಾಕಿದೆವು. ನಮ್ಮ ಕಡೆಯ ಮನೆಗಳೇ ಹಾಗೆ. ಜೀವ ಉಳಿಸಿದವರಿಗೂ "ಊಟ ಮಾಡಿದ್ರ್ಯಾ?" ಎಂದು ಕೇಳಿ ಮುಗಿಸುತ್ತೇವೆ. ಆದರೆ ನನ್ನ ಎದೆಯಲ್ಲಿ ಒಂದು ಮಾತು ಕೂತೇಬಿಟ್ಟಿತ್ತು. ಆ ಬೆಳಿಗ್ಗೆ ನನಗೆ ಪ್ರಶ್ನೆ ತೋಚದಿದ್ದಾಗ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅಕ್ಕ. ಅದನ್ನು ಅವರಿಗೆ ಹೇಳದೆ ಹೇಗಿರಲಿ?

ಒಂದು ರವಿವಾರ ಹೊತ್ತು ಮೂಡುವ ಸುಮಾರಿಗೆ ಮನೆಯಲ್ಲೆಲ್ಲೂ ಅಕ್ಕ ಕಾಣಲಿಲ್ಲ. ಮಾಳಿಗೆ ಹತ್ತಿ ನೋಡಿದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಖೋಲಿಯ ಮೇಲಿನ ಸ್ಲ್ಯಾಬಿಗೆ ಸುಣ್ಣ ಬಳಿಯುತ್ತಿದ್ದರು. ಮೂಗಿನ ಮೇಲೆ, ಕನ್ನಡಕದ ಮೇಲೆ, ತಲೆಯ ತುಂಬ ಸುಣ್ಣ.

"ಅಕ್ಕಾ, ಆಳು ಹಚ್ಚಬಹುದಿತ್ತಲ್ರಿ."

"ಅಲ್ಲಿ ಇನ್ನೊಂದು ಬ್ರಶ್ ಐತಿ, ತಗೋ."

ತೆಗೆದುಕೊಂಡೆ. ಸ್ವಲ್ಪ ಹೊತ್ತು ಬಳಿದ ಮೇಲೆ ಧೈರ್ಯ ಮಾಡಿದೆ. "ಅಕ್ಕಾ, ಅವತ್ತ ನೀವು ಇರಲಿಲ್ಲಂದ್ರ..."

ಅವರು ತಲೆ ಎತ್ತಲಿಲ್ಲ. ಬ್ರಶ್ಶು ಮಾತ್ರ ನಿಂತಿತು.

"ನಾ ಪಿಎಚ್‌ಡಿ ಮಾಡುವಾಗ ಮಗಳು ಕೈಗೂಸು," ಎಂದರು. "ಬಿಡತೇನಿ ಅಂತ ಪುಸ್ತಕ ಎಲ್ಲಾ ಕಟ್ಟಿ ಅಟ್ಟದ ಮ್ಯಾಲೆ ಇಟ್ಟಿದ್ದೆ. ಮರುದಿವಸ ನೋಡತೇನಿ, ಅತ್ತಿ ಒಬ್ಬರೇ ಅಟ್ಟ ಹತ್ತಿ ಎಲ್ಲಾ ಇಳಿಸಿ ಧೂಳ ಝಾಡಸಾಕ ಹತ್ತಿದ್ರು. ಓದಾಕ ಬರೂದಿಲ್ಲ ಅವರಿಗೆ. ಕೂಸಿನ್ನ ನನ್ನ ಕಡೆ ಕೊಟ್ಟು ಹೋಗು ಅಂದ್ರು, ಅಷ್ಟ. ಮೂರು ವರ್ಷ ಕೂಸು ಅವರ ಮಗ್ಗಲಾಗ ಮಲಗೇತಿ."

ಮತ್ತೆ ಬಳಿಯತೊಡಗಿದರು.

"ನಾನೂ ಎಂದೂ ಏನೂ ಹೇಳಿಲ್ಲ," ಎಂದರು. "ಹೇಳಿದರ ಬೈತಾರ."

ನಾನು ಬ್ರಶ್ಶನ್ನು ಮತ್ತೆ ಸುಣ್ಣಕ್ಕೆ ಅದ್ದಿದೆ. ಇಬ್ಬರೂ ಪಕ್ಕಪಕ್ಕ ಮೊಣಕಾಲೂರಿ ಬಳಿಯುತ್ತ ಹೋದೆವು. ಬಿಸಿಲು ನೀರಿನ ಟಾಕಿಯನ್ನು ದಾಟಿ ನಮ್ಮ ಬೆನ್ನಿನ ಮೇಲೆ ಬಂತು. ಕೆಳಗಿನ ಅಂಗಳದಿಂದ ಅತ್ತೆಯ ದನಿ ಕೇಳಿಸಿತು. ದವಾಖಾನೆಯಿಂದ ಬಂದ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು.

"ಏ ಹುಡುಗ್ಯಾರ, ಬಿಸಿಲು ಏರೇತಿ. ಇಬ್ಬರೂ ಇಳದ ಬರ್ರಿ. ಚಹಾ ಆರಾಕ ಹತ್ತೇತಿ."

"ಬಂದ್ವ್ರಿ," ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಆದರೆ ಇಳಿಯಲಿಲ್ಲ. ಅತ್ತೆಯ ಹಾಸಿಗೆಯ ನೆತ್ತಿಗೆ ಬರುವ ಮೂಲೆ ಇನ್ನೂ ಉಳಿದಿತ್ತು.